ಕಲ್ಯಾಣದ ಕ್ರಾಂತಿಯ ತರುವಾಯ: ಬನವಾಸಿ ನಾಡು ಕಂಡ ಅಂತರ್ಯುದ್ಧ



ಶಿಕಾರಿಪುರ, ಸೊರಬ ಸೀಮೆಯವರಾದ ತಮ್ಮ ಮುಂದೆ, ಹನ್ನೆರಡನೆಯ ಶತಮಾನದಲ್ಲಿ ಶರಣರು ನಡೆಸಿದ ಕಲ್ಯಾಣದ ಕ್ರಾಂತಿಯ ಮಾತನ್ನೆತ್ತುವಾಗ, ಅದು ದೂರದ ರಾಜಧಾನಿಯೊಂದರ ಕಥೆಯೆಂಬ ಭಾವನೆಯನ್ನು ಮೊದಲು ಬದಿಗಿರಿಸಬೇಕಾಗುತ್ತದೆ. ಶೂನ್ಯಪೀಠವನ್ನೇರಿದ ಅಲ್ಲಮಪ್ರಭುವು ಬಳ್ಳಿಗಾವೆಯವನು, ಅಕ್ಕಮಹಾದೇವಿಯು ಉಡುತಡಿಯವಳು, ಕ್ರಾಂತಿಯ ಬೆನ್ನಿಗೇ ಎದ್ದ ಅಂತರ್ಯುದ್ಧದಲ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತ ಹೋದ ನಾಡುಗಳಲ್ಲಿ ಬನವಾಸಿ ಹನ್ನೆರಡು ಸಾವಿರವೂ ಒಂದು. ಅದರೊಳಗಿನ ನಾಗರಖಂಡ, ಜಿಡ್ಡುಳಿಗೆಗಳೆಂದರೆ ತಮ್ಮ ಹೊಲಗದ್ದೆಗಳಿರುವ ಈ ನೆಲವೇ.

ಆ ಯುದ್ಧದ ಕಾರಣವನ್ನು ನಮ್ಮ ಜನ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಸಮಗಾರ ಕುಲದ ಶರಣ ಹರಳಯ್ಯನ ಮಗನಿಗೆ ಬ್ರಾಹ್ಮಣ ಕುಲದ ಶರಣ ಮಧುವರಸನ ಮಗಳನ್ನು ಕೊಟ್ಟು ಮದುವೆಯಾಯಿತು. ಕಲ್ಯಾಣದ ಅರಸ ಬಿಜ್ಜಳನು ಆ ಇಬ್ಬರು ತಂದೆಯರಿಗೂ ಕ್ರೂರ ಮರಣದಂಡನೆಯನ್ನು ವಿಧಿಸಿದನು. ಶರಣರಾದ ಜಗದೇವನೂ ಬೊಮ್ಮಯ್ಯನೂ ಅರಸನನ್ನು ಕೊಂದರು. ಶರಣರು ಚದುರಿ, ಚೆನ್ನಬಸವಣ್ಣನು ಉಳವಿಯ ದಾರಿ ಹಿಡಿದನು. ಈ ಪರಂಪರೆಯಲ್ಲಿ ಅಡಗಿರುವ ದುಃಖವನ್ನು ನಾನು ಲಘುವಾಗಿ ಕಾಣುವವನಲ್ಲ. ಜಾತಿಯ ಗೋಡೆಯನ್ನು ಬಾಳಿನಲ್ಲಿಯೇ ಕೆಡವಹೊರಟವರು ತಮ್ಮ ರಕ್ತವನ್ನು ತೆತ್ತರೆಂಬುದನ್ನು ಕನ್ನಡಿಗರು ಮರೆಯತಕ್ಕದ್ದಲ್ಲ. ಆದರೆ ಸಾಮ್ರಾಜ್ಯವೊಂದನ್ನು ಒಡೆದ ಕಲಹಕ್ಕೆ ಆ ಮದುವೆಯೊಂದನ್ನೇ ಕಾರಣವನ್ನಾಗಿ ಹೇಳುವುದು ಶರಣರಿಗೂ ಇತಿಹಾಸಕ್ಕೂ ಮಾಡುವ ಅನ್ಯಾಯವೆಂದು ನಾನು ತಿಳಿದಿದ್ದೇನೆ. ಪುರಾಣಗಳು ಕೊಲೆಯನ್ನು ಹೇಳಿದರೆ, ಶಾಸನಗಳು 1167ರ ಸುಮಾರಿಗೆ ಬಿಜ್ಜಳನ ಮಗ ಸೋವಿದೇವನ ಆಳ್ವಿಕೆ ಮೊದಲಾದುದನ್ನಷ್ಟೇ ತೋರಿಸುತ್ತವೆ.

ನಿಜವಾದ ಬಿರುಕು ಅದಕ್ಕೂ ಹತ್ತು ವರ್ಷ ಹಿಂದಿನದು. ಮಂಗಳವಾಡದ ಕಳಚುರಿ ಬಿಜ್ಜಳನು ಚಾಲುಕ್ಯರ ಮಹಾಮಂಡಳೇಶ್ವರನಾಗಿದ್ದು, ಮೂರನೆಯ ತೈಲಪನ ದೌರ್ಬಲ್ಯವನ್ನು ಕಂಡು 1157ರ ವೇಳೆಗೆ ಸ್ವತಂತ್ರನಾಗಿ, 1162ರಲ್ಲಿ ಕಲ್ಯಾಣದ ಸಿಂಹಾಸನವನ್ನೇ ಆಕ್ರಮಿಸಿದನು. ಒಡೆಯನ ಉಪ್ಪುಂಡ ಸಾಮಂತನೇ ಒಡೆಯನನ್ನು ನೂಕಿ ಚಕ್ರವರ್ತಿಯಾದುದನ್ನು ಕಣ್ಣಾರೆ ಕಂಡ ದಂಡನಾಯಕರಿಗೆ, ನಿಷ್ಠೆಯೆಂಬುದು ಬಲವಿರುವವನ ಕಡೆಗೆ ವಾಲುವ ವಸ್ತುವೆಂಬ ಪಾಠವನ್ನು ಬೇರೆ ಯಾರೂ ಕಲಿಸಬೇಕಾಗಲಿಲ್ಲ. ಕ್ರಾಂತಿಯ ಬೆನ್ನಿಗೆ ಏಳುವ ಅಂತರ್ಯುದ್ಧಗಳೆಲ್ಲ ಒಂದೇ ಬಗೆಯವಲ್ಲ. ರಷ್ಯಾದಲ್ಲಿ 1917ರ ಕ್ರಾಂತಿಕಾರರು ರಾಜ್ಯಾಧಿಕಾರವನ್ನು ತಾವೇ ಹಿಡಿದರಾದುದರಿಂದ ಅಲ್ಲಿನ ಅಂತರ್ಯುದ್ಧ ಕ್ರಾಂತಿಯ ಅಳಿವು ಉಳಿವಿನ ಯುದ್ಧವಾಯಿತು. ಕಲ್ಯಾಣದ ಶರಣರಾದರೋ ಸಿಂಹಾಸನವನ್ನು ಬಯಸಿದವರೇ ಅಲ್ಲ. ಅವರು ಹೊರಟುಹೋದ ಮೇಲೆ ಅದಕ್ಕಾಗಿ ಕಾದಾಡಿದವರು ಕಾಯಕವನ್ನಾಗಲಿ ದಾಸೋಹವನ್ನಾಗಲಿ ನೆನೆದವರಲ್ಲ.

ಸೋವಿದೇವನ ತರುವಾಯ ಸಂಕಮ, ಆಹವಮಲ್ಲ, ಸಿಂಗಣ ಎಂದು ಅಣ್ಣತಮ್ಮಂದಿರು ಒಬ್ಬರ ಹಿಂದೊಬ್ಬರು ಪಟ್ಟವೇರಿದರೂ, ಹದಿನೇಳು ವರ್ಷಗಳೊಳಗೆ ಎಲ್ಲವೂ ಮುಗಿಯಿತು. ಕಳಚುರಿಗಳ ಸೇವೆಯಲ್ಲಿದ್ದ ಕಾವಣನ ಮಗ ಬ್ರಹ್ಮ ದಂಡನಾಯಕನು, ತಂದೆ ಉಂಡ ಮನೆಯನ್ನೇ ಕೆಡವಿ, 1184ರ ಹೊತ್ತಿಗೆ ಚಾಲುಕ್ಯ ನಾಲ್ಕನೆಯ ಸೋಮೇಶ್ವರನನ್ನು ಮರಳಿ ಪ್ರತಿಷ್ಠಾಪಿಸಿದನು. ಆ ಪ್ರತಿಷ್ಠಾಪನೆ ಐದಾರು ವರ್ಷ ನಿಂತಿತೋ ಇಲ್ಲವೋ, ಉತ್ತರದಿಂದ ಸೇವುಣ ಭಿಲ್ಲಮನೂ ದಕ್ಷಿಣದಿಂದ ಹೊಯ್ಸಳ ವೀರಬಲ್ಲಾಳನೂ ಏರಿಬಂದರು. ಬ್ರಹ್ಮನ ಆನೆಯ ಪಡೆಯನ್ನು ಬಲ್ಲಾಳನು ಕುದುರೆಯ ದಂಡಿನಿಂದಲೇ ಮುರಿದನೆಂದು ಶಾಸನ ಹೊಗಳುತ್ತದೆ. ಚಾಲುಕ್ಯ ವಂಶದ ಕಡೆಯ ಚಕ್ರವರ್ತಿಯಾದ ಆ ಸೋಮೇಶ್ವರನು 1189ರ ಸುಮಾರಿಗೆ ತಂಗಿದ್ದುದು ಜಯಂತೀಪುರದಲ್ಲಿ, ಅಂದರೆ ಸೊರಬದ ನೆರೆಯ ಬನವಾಸಿಯಲ್ಲಿ, ಕದಂಬ ಕಾಮದೇವನ ಆಶ್ರಯದಲ್ಲಿ.

ದಂಡನಾಯಕರ ಪಾಡು ಹೇಗಿತ್ತೆಂಬುದಕ್ಕೆ ಶಿಕಾರಿಪುರದ ನೆಲವೇ ಸಾಕ್ಷಿ. ವಸುಧೈಕಬಾಂಧವನೆಂಬ ಬಿರುದಿನ ಜೈನ ಸೇನಾನಿ ರೇಚರಸನು ಆಹವಮಲ್ಲನಿಂದ ನಾಗರಖಂಡವನ್ನು ಪಡೆದು, ಚಿಕ್ಕಮಾಗಡಿಯ ಬಸದಿಗೆ ದತ್ತಿಯನ್ನು ಬಿಟ್ಟವನು; ಕಳಚುರಿಗಳು ಅಳಿದ ಮೇಲೆ ಅವನೇ ಬಲ್ಲಾಳನನ್ನು ಆಶ್ರಯಿಸಿ, 1220ರ ವೇಳೆಗೆ ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಬಿಂಬವನ್ನು ಸ್ಥಾಪಿಸುತ್ತಾನೆ. ಅವನನ್ನು ದ್ರೋಹಿಯೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಒಡೆಯನೇ ಇಲ್ಲವಾದಾಗ ಸೇವಕನು ಮಾಡಬಹುದಾದುದನ್ನು ಅವನು ಮಾಡಿದನು.

ಹಳ್ಳಿಗಳ ಪಾಡು ಬೇರೆ. ಸೊರಬ ತಾಲ್ಲೂಕಿನಲ್ಲಿ ಕೆರೆಯ ಏರಿಯ ಮೇಲೂ ಗುಡಿಗಳ ಅಂಗಳದಲ್ಲಿಯೂ ನಿಂತ ವೀರಗಲ್ಲುಗಳನ್ನು ತಾವು ದಿನವೂ ಕಾಣುತ್ತೀರಿ. ಕೆಳಗಿನ ಅಂಕಣದಲ್ಲಿ ಬಿಲ್ಲು ಕತ್ತಿಗಳ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದೆದುರು ಕುಳಿತ ಅವನೇ. ಪಕ್ಕದಲ್ಲಿ ಬಳೆ ತೊಟ್ಟ ತೋಳನ್ನೆತ್ತಿದ ಮಾಸ್ತಿಕಲ್ಲೊಂದಿದ್ದರೆ, ಒಂದೇ ಮನೆಯಿಂದ ಎರಡು ಜೀವ ಹೋಯಿತೆಂದು ಲೆಕ್ಕ. ಇಂತಹ ಕಲ್ಲುಗಳ ಬರಹದಲ್ಲಿ ಚಕ್ರವರ್ತಿಯ ಹೆಸರು ಮೊದಲ ಸಾಲಿನಲ್ಲಿ ಕಾಲವನ್ನು ಸೂಚಿಸಲು ಬರುತ್ತದೆ. ಸತ್ತ ಕಾರಣ ಮಾತ್ರ ಬಹುಮಟ್ಟಿಗೆ ತುರುಗೊಳ್ (ದನಗಳ ಅಪಹರಣ), ಊರಳಿವು (ಊರಿನ ನಾಶ), ಪೆಣ್ಬುಯ್ಯಲ್ (ಹೆಂಗಸರ ಮೊರೆ). ಮೇಲಿನವರ ಅಧಿಕಾರ ಸಡಿಲಿದಾಗ ಕೆಳಗಿನವರ ದನ ಹೋಗುತ್ತದೆ, ಊರು ಸುಡುತ್ತದೆ.

ಇಷ್ಟರ ನಡುವೆಯೂ ಉಳಿದುದೊಂದುಂಟು. ದಕ್ಷಿಣವನ್ನು ಸ್ವಾಧೀನಪಡಿಸಿಕೊಳ್ಳಲು ಬಂದ ಬಿಜ್ಜಳನು 1162ರಲ್ಲಿ ಬಳ್ಳಿಗಾವೆಯಲ್ಲಿ ಬೀಡುಬಿಟ್ಟಾಗ, ಕೇದಾರೇಶ್ವರದ ಕೋಡಿಯ ಮಠಕ್ಕೆ ದಾನವಿತ್ತ ಶಾಸನ ಪ್ರಸಿದ್ಧವಾದುದು. ವ್ಯಾಕರಣವನ್ನೂ ಷಡ್ದರ್ಶನಗಳನ್ನೂ ಪುರಾಣಗಳನ್ನೂ ಕಲಿಸುತ್ತಿದ್ದ, ದೀನರಿಗೂ ಅಂಧರಿಗೂ ಜೈನ ಬೌದ್ಧ ಭಿಕ್ಷುಗಳಿಗೂ ಅನ್ನವಿಕ್ಕುತ್ತಿದ್ದ, ರೋಗಿಗಳಿಗೆ ಮದ್ದು ಕೊಡುತ್ತಿದ್ದ ಆ ಮಠಕ್ಕೆ ಆಗ ವಾಮಶಕ್ತಿಯೆಂಬ ಕಾಳಾಮುಖ ಗುರುವು ಅಧಿಪತಿ. ಮೂವತ್ತು ವರ್ಷಗಳ ಮೇಲೆ, ಕಳಚುರಿಗಳೂ ಚಾಲುಕ್ಯರೂ ಅಳಿದು ಬಲ್ಲಾಳನು ಬನವಾಸಿಗೆ ಒಡೆಯನಾದಾಗ, ದತ್ತಿಗಳನ್ನು ಪಡೆಯುತ್ತಿದ್ದ ಗುರುವೂ ಅದೇ ವಾಮಶಕ್ತಿ. ಗೆದ್ದವರೆಲ್ಲರಿಗೂ ಆ ಅನ್ನಛತ್ರ, ಆ ಪಾಠಶಾಲೆ ಬೇಕಾಗಿದ್ದುವು.

ಯುದ್ಧದ ಫಲವಾದರೋ ರಾಜಕೀಯವಾಗಿ ದಾರುಣ. 1191ರ ಹೊತ್ತಿಗೆ ಸೊರಟೂರಿನಲ್ಲಿ ಬಲ್ಲಾಳನು ಭಿಲ್ಲಮನನ್ನು ಸೋಲಿಸಿದರೂ, ಎರಡು ಶತಮಾನ ಒಂದಾಗಿದ್ದ ಕನ್ನಡ ನಾಡು ಸೇವುಣರ ದೇವಗಿರಿಗೂ ಹೊಯ್ಸಳರ ದೋರಸಮುದ್ರಕ್ಕೂ ಹಂಚಿಹೋಯಿತು. ಗಡಿಯಲ್ಲಿ ಸಿಕ್ಕ ಈ ಸೀಮೆ ಮುಂದೆಯೂ ಇಬ್ಬರ ದಂಡುಗಳನ್ನು ಕಂಡಿತು. 1196ರಲ್ಲಿ ಬಲ್ಲಾಳನು ಹಾನಗಲ್ಲಿಗೆ ಮುತ್ತಿಗೆ ಹಾಕಿದನು. ಸೇವುಣರು ಮತ್ತೆ ತೆಂಕಣಕ್ಕೆ ಇಳಿದರು. ಪರಸ್ಪರ ಸೆಣಸಿ ಬಳಲಿದ ಎರಡು ಮನೆತನಗಳ ಮೇಲೂ ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ದಿಲ್ಲಿಯ ಸೈನ್ಯವು ಬಂದಾಗ, ಒಂದಾಗಿ ತಡೆಯಬಲ್ಲ ಕನ್ನಡದ ಅರಸೊತ್ತಿಗೆ ಯಾವುದೂ ಇರಲಿಲ್ಲ.