ಎರೆಯೂ ನ್ಯಾಯವೂ



ಕಲಬುರಗಿಯ ಐವಾನ್-ಎ-ಶಾಹಿ ನಿಮ್ಮಲ್ಲಿ ಅನೇಕರಿಗೆ ಪರಿಚಿತವಾದುದು. ನಿಜಾಮರ ಕಾಲದ ಆ ಕಟ್ಟಡ ಈಗ ಸರಕಾರದ ಅತಿಥಿಗೃಹವಾಗಿದೆ. ಅದು ಯಾರ ಕಾಲದ್ದೋ ಆ ದೊರೆಗಳಿಗೆ ಶಿಕಾರಿಯೆಂಬುದು ರಾಜಭೋಗಗಳಲ್ಲಿ ಒಂದಾಗಿತ್ತು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ಹುಲಿಬೇಟೆಗೆ ಹೆಸರಾದವರು. ಆ ಕಾಲ ಕಳೆಯಿತು, ಬೇಟೆಯೂ ಕಾನೂನಿನಿಂದ ನಿಂತಿತು. ಆದರೆ ಬೇಟೆಯ ಒಂದು ಅಂಗವಾದ ಎರೆ, ಅಂದರೆ ಮೃಗವನ್ನು ಆಸೆ ತೋರಿಸಿ ಕರೆಯುವ ಉಪಾಯ, ಇನ್ನೂ ನಿಂತಿಲ್ಲ. ಈ ದಿನ ನಾನು ಅದರ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿರುವೆನು.

ಈ ಉಪಾಯ ನಮ್ಮ ಸೀಮೆಗೆ ಹೊಸದಲ್ಲ. ಇಲ್ಲಿಗೆ ದೂರವಲ್ಲದ ಕಲ್ಯಾಣದಲ್ಲಿ 1126 ರಿಂದ 1138 ರ ವರೆಗೆ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಬೇಟೆಯ ವಿನೋದವನ್ನೂ ಮೀನು ಹಿಡಿಯುವ ವಿನೋದವನ್ನೂ ವಿವರಿಸಿರುವನು. ಮೀನುಗಳಿಗೆ ಎಂಥ ಉಣಿಸು ಹಾಕಬೇಕೆಂಬುದನ್ನು ಸಹ ಅವನು ಬಿಡದೆ ಹೇಳಿದ್ದಾನೆ. ಮುಂದೆ ಬಂದೂಕಿನ ಕಾಲದಲ್ಲಿ ಎಮ್ಮೆಯ ಕರುವೊಂದನ್ನು ಮರದ ಬುಡಕ್ಕೆ ಕಟ್ಟಿ, ಮೇಲೆ ಮಚಾನಿನಲ್ಲಿ ಕುಳಿತು ಹುಲಿಯ ದಾರಿ ಕಾಯುವುದು ಶಿಕಾರಿಗಳ ರೂಢಿಯಾಯಿತು.

ಈ ರೂಢಿಯನ್ನು ಕಾನೂನು ಹೇಗೆ ನೋಡಿತೆಂಬುದು ವಿಚಾರಾರ್ಹವಾಗಿದೆ. 1972 ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 17 ನೆಯ ಕಲಮು ಮೊದಲಲ್ಲಿ ಹೀಗಿತ್ತು: ಉಪ್ಪುನೆಲದ ಬಳಿಯಲ್ಲಾಗಲಿ ನೀರು ಕುಡಿಯುವ ತಾಣದಲ್ಲಾಗಲಿ ಮೃಗವನ್ನು ಬೇಟೆಯಾಡಕೂಡದು, ರಾತ್ರಿಯ ಹೊತ್ತು ಬೇಟೆಯಾಡಕೂಡದು, ಆದರೆ ಮಾಂಸಾಹಾರಿ ಮೃಗವನ್ನು ಅದು ಕೊಂದ ಪ್ರಾಣಿಯ ಬಳಿ ಕಾದು ರಾತ್ರಿಯಲ್ಲಿ ಹೊಡೆಯುವುದಕ್ಕೆ ವಿಶೇಷ ಪರವಾನಗಿ ದೊರೆಯಬಹುದು. ಬಾಯಾರಿ ಬಂದ ಜಿಂಕೆಗೆ ತೋರಿಸಿದ ದಯೆಯನ್ನು ಹಸಿದು ಬಂದ ಹುಲಿಗೆ ತೋರಿಸಲಿಲ್ಲ. 1991 ರ ತಿದ್ದುಪಡಿಯಲ್ಲಿ ಲೈಸೆನ್ಸಿನ ಬೇಟೆಯೊಂದಿಗೆ ಈ ಕಲಮೂ ಹೋಯಿತು. 2003 ರಿಂದ ‘ಬೇಟೆ’ ಎಂಬ ಶಬ್ದದ ವ್ಯಾಖ್ಯೆಯೊಳಗೇ ಹಿಡಿಯುವುದು, ನಾಯಿ ಬಿಟ್ಟು ಅಟ್ಟುವುದು, ಉರುಲು, ಬೋನು, ಸೋವು ಇವುಗಳ ಸಾಲಿನಲ್ಲಿ ಎರೆಯೊಡ್ಡುವುದೂ ಸೇರಿತು. ಅಂದಮೇಲೆ ಗುಂಡು ಹಾರಿಸದಿದ್ದರೂ, ಮೃಗ ಸಾಯದಿದ್ದರೂ, ಎರೆಯಿಟ್ಟವನು ಬೇಟೆಗಾರನೇ ಆಗುವನು.

ಇಷ್ಟೇ ಆಗಿದ್ದರೆ ವಿವಾದವಿರಲಿಲ್ಲ. ಆದರೆ ಏತಕ್ಕಾಗಿ ಎರೆಯೊಡ್ಡಿದರೆ ಬೇಟೆ ಎಂಬುದನ್ನು ಆ ವ್ಯಾಖ್ಯೆ ಹೇಳುವುದಿಲ್ಲ. ಹಕ್ಕಿಯ ಚಿತ್ರ ತೆಗೆಯುವ ಹವ್ಯಾಸಿಯೊಬ್ಬನು ಮರೆಯಲ್ಲಿ ಕುಳಿತು ಕಾಳು ಚೆಲ್ಲಿದನೆನ್ನಿ. ಅಕ್ಷರಾರ್ಥಕ್ಕೆ ಅಂಟಿಕೊಂಡರೆ ಅವನು ಅಪರಾಧಿ. ಶಬ್ದವನ್ನು ಅದರ ನೆರೆಹೊರೆಯ ಶಬ್ದಗಳೊಡನೆ ಓದಬೇಕೆಂದರೆ, ಹಿಡಿಯುವ ಅಥವಾ ಕೊಲ್ಲುವ ಉದ್ದೇಶವಿಲ್ಲದ ಅವನು ನಿರಪರಾಧಿ. ಎರಡು ವಾದಕ್ಕೂ ಆಧಾರವುಂಟು. ಇನ್ನೊಂದು ನಿದರ್ಶನ ನೋಡಿ. 1960 ರ ಪ್ರಾಣಿಹಿಂಸೆ ತಡೆ ಕಾಯಿದೆ, ಅಭಯಾರಣ್ಯದಲ್ಲಿ ಹುಲಿಗೆ ಎರೆಯಾಗಿ ಪ್ರಾಣಿಯನ್ನು ಕಟ್ಟುವುದನ್ನು ಅಪರಾಧವೆನ್ನುವುದು. ಆದರೆ ‘ಕೇವಲ ವಿನೋದಕ್ಕಾಗಿ’ ಎಂಬ ಷರತ್ತಿನೊಡನೆ. ಊರಿಗೆ ನುಗ್ಗಿದ ಚಿರತೆಯನ್ನು ಹಿಡಿಯಲು ಅರಣ್ಯ ಇಲಾಖೆಯವರು ಬೋನಿನಲ್ಲಿ ಮೇಕೆ ಕಟ್ಟುವುದು ಈ ಷರತ್ತಿನಿಂದ ಹೊರಗುಳಿಯುವುದು. ಮೇಕೆಯ ಭಯವಾದರೋ ಎರಡು ಕಡೆಯಲ್ಲಿಯೂ ಒಂದೇ.

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಹೊಲದ ಬದುವಿನ ಮೇಲೆ ನಿಂತಿರುವುದು. ತೊಗರಿಯೇ ಇಲ್ಲಿಯ ರೈತನ ಜೀವಾಳ. ಆ ಹೊಲಕ್ಕೆ ಚಿಗರಿಯೂ ಬರುವುದು, ಕಾಡುಹಂದಿಯೂ ಬರುವುದು. ಚಿಗರಿ, ಎಂದರೆ ಕೃಷ್ಣಮೃಗ, ಒಂದನೆಯ ಅನುಸೂಚಿಯ ಪ್ರಾಣಿ; ಪೈರು ತಿಂದಿತೆಂಬ ಕಾರಣಕ್ಕೆ ಅದನ್ನು ಕೊಲ್ಲಲು ಅಪ್ಪಣೆ ದೊರೆಯದು. ಹಂದಿ ಎರಡನೆಯ ಅನುಸೂಚಿಯದು. ನಿಂತ ಪೈರಿಗೆ ಅಪಾಯವಾದರೆ ಅಧಿಕಾರವುಳ್ಳವರು ಕಾರಣ ಬರೆದು ಅಪ್ಪಣೆ ಕೊಡಬಹುದು. ಅಪ್ಪಣೆಗೆ ಕಾಯಲಾರದ ರೈತ ತಿನಿಸಿನೊಳಗೆ ಸಿಡಿಮದ್ದು ಅಡಗಿಸಿಟ್ಟರೆ ಏನಾಗುವುದು? ಹಂದಿಗಾಗಿ ಇಟ್ಟದ್ದನ್ನು ಹಂದಿಯೇ ತಿನ್ನಬೇಕೆಂಬ ನಿಯಮವಿಲ್ಲ. 2020 ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಗರ್ಭಿಣಿ ಆನೆಯೊಂದು ಸಿಡಿಮದ್ದಿನ ತಿನಿಸನ್ನು ಕಚ್ಚಿ, ಬಾಯಿ ಛಿದ್ರವಾಗಿ, ನದಿಯ ನೀರಿನಲ್ಲಿ ನಿಂತೇ ಪ್ರಾಣಬಿಟ್ಟಿತು. 2025 ರ ಜೂನ್ ತಿಂಗಳಲ್ಲಿ ನಮ್ಮ ರಾಜ್ಯದ ಮಲೆ ಮಹದೇಶ್ವರ ವನ್ಯಧಾಮದಲ್ಲಿ ವಿಷವಿಕ್ಕಿದ ಹಸುವಿನ ಕಳೇಬರ ತಿಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತವು. ಇಲ್ಲಿ ವಿವಾದಕ್ಕೆಡೆಯಿಲ್ಲ, ವಿಷವಿಕ್ಕುವುದು ಸ್ಪಷ್ಟವಾದ ಅಪರಾಧವೇ ಸರಿ. ಆದರೆ ಹಸುವನ್ನು ಕಳೆದುಕೊಂಡವನ ಸಂಕಟವನ್ನು ಕೇಳದೆ ಅಪರಾಧವನ್ನು ಮಾತ್ರ ಎಣಿಸಿದರೆ ನ್ಯಾಯ ಅರ್ಧವಾದೀತು.

ಆತ್ಮರಕ್ಷಣೆಯ ಮಾತೂ ಇದೆ. ತನ್ನ ಅಥವಾ ಪರರ ಪ್ರಾಣ ಉಳಿಸಲು ಸದ್ಭಾವನೆಯಿಂದ ಮೃಗವನ್ನು ಕೊಂದರೆ ಅಪರಾಧವಲ್ಲವೆಂದು 11 ನೆಯ ಕಲಮು ಹೇಳುವುದು. ಆದರೆ ಆ ಹೊತ್ತಿನಲ್ಲಿ ಅದೇ ಕಾಯಿದೆಯ ವಿರುದ್ಧ ಬೇರೊಂದು ಅಪರಾಧ ಮಾಡುತ್ತಿದ್ದವನಿಗೆ ಈ ರಕ್ಷಣೆಯಿಲ್ಲ. ಎರೆಯೊಡ್ಡಿ ಕರೆದ ಮೃಗವೇ ಮೈಮೇಲೆ ಬಿದ್ದಾಗ, ಪ್ರಾಣಕ್ಕಾಗಿ ಹೊಡೆದೆನೆಂಬ ಮಾತು ಅವನನ್ನು ಉಳಿಸದು.

ಹಾಗಾದರೆ ಸಾಮಾನ್ಯನು ಹೇಗೆ ನಡೆಯತಕ್ಕದ್ದು? ನನ್ನ ಅಲ್ಪಮತಿಗೆ ತೋರುವುದಿಷ್ಟು. ಎರೆಯಿಡುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಇದನ್ನು ತಿನ್ನಲು ಬರುವ ಪ್ರಾಣಿ ಬಂದ ಹಾಗೆಯೇ ಹಿಂತಿರುಗಿ ಹೋಗುವುದೇ? ನಾನು ಕರೆಯದ ಪ್ರಾಣಿ ಬಂದರೆ ಅದಕ್ಕೆ ಹೊಣೆ ಯಾರು? ಇವುಗಳಿಗೆ ಧೈರ್ಯವಾಗಿ ಉತ್ತರ ಹೇಳಲಾರದವನು ಕೈ ಹಿಂದೆಗೆಯುವುದೇ ಲೇಸು. ಚಿತ್ರ ತೆಗೆಯುವವನಿಗೆ ಕಾಳಿಗಿಂತ ತಾಳ್ಮೆ ಒಳ್ಳೆಯದು. ಪೈರು ಹಾಳಾದ ರೈತ ಲಿಖಿತವಾಗಿ ಅರ್ಜಿ ಕೊಟ್ಟು ಪರಿಹಾರ ಕೇಳಬೇಕು. ಆ ಅರ್ಜಿಗೆ ಪೈರು ಪೂರ್ತಿ ಹೋಗುವ ಮೊದಲೇ ಉತ್ತರ ಕೊಡುವುದು ಅಧಿಕಾರಿಗಳ ಧರ್ಮ. ವ್ಯಾಖ್ಯೆಯಲ್ಲಿ ಉದ್ದೇಶದ ಮಾತನ್ನು ಸೇರಿಸಿ ಸಂದೇಹ ತೀರಿಸುವುದು ಶಾಸನಸಭೆಯ ಕೆಲಸ.

ಮೃಗಕ್ಕೆ ಕಲಮು ಗೊತ್ತಿಲ್ಲ. ಹಸಿವು ಮಾತ್ರ ಗೊತ್ತು. ಹಸಿವನ್ನು ನಂಬಿ ಬಂದುದಕ್ಕೆ ಮೋಸ ಮಾಡಕೂಡದೆಂಬುದನ್ನು ನಮ್ಮ ಹಿರಿಯರು ಮನೆಯ ಬಾಗಿಲಲ್ಲಿ ಕಲಿಸಿದ್ದರು. ಕಾಡಿನ ಅಂಚಿನಲ್ಲಿಯೂ ಅದು ಸಲ್ಲುವುದು.