ನಮ್ಮೂರಿನ ಪ್ರಶ್ನೆಯೂ ಇರಲಿ!

ಕನ್ನಡದ ತಮ್ಮಂದಿರೇ, ತಂಗಿಯರೇ,

ನಾನು ಓದಿದ್ದು ಪಿಯುಸಿ. ಹುಟ್ಟಿದ್ದು ಚನ್ನಗಿರಿ ಸೀಮೆ, ಹೊಟ್ಟೆಪಾಡಿಗೆ ಬೆಂಗಳೂರಿನಲ್ಲೊಂದು ಪ್ರೆಸ್ಸು. ಪಬ್ಬಿನಲ್ಲಿ ಕೂತು ಕ್ವಿಜ್ ಆಡುವ ನಿಮ್ಮನ್ನು ಬೈಯಲು ಬಂದವನಲ್ಲ. ಆಟ ಒಳ್ಳೆಯದೇ. ಆದರೆ ಕೇಳಿ. ಅಂಥದೊಂದು ಪಂದ್ಯದ ಪ್ರಶ್ನೆಪತ್ರಿಕೆ ನನ್ನಲ್ಲಿಗೆ ಅಚ್ಚಿಗೆ ಬಂತು. ಲಂಡನ್ನಿನ ಸೇತುವೆ, ಹಾಲಿವುಡ್ಡಿನ ನಟಿ, ಎಲ್ಲಾ ಇತ್ತು. ಕರ್ನಾಟಕದ್ದು ಒಂದೇ ಪ್ರಶ್ನೆ: ಸೂಳೆಕೆರೆ ಯಾವ ಜಿಲ್ಲೆಯಲ್ಲಿದೆ? ಉತ್ತರ, ಶಿವಮೊಗ್ಗವಂತೆ!

ಪ್ರೂಫಿನಲ್ಲೇ ಹೊಡೆದುಹಾಕಿದೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ, ಜಗಳೂರು ಚಿತ್ರದುರ್ಗದಿಂದ ಬಂದವು. ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲ್ಲೂಕಿನ ಒಳಗಿತ್ತು. ಹಳೇ ಗೈಡು ನಂಬಿದರೆ, ಸರಿ ಉತ್ತರ ಹೇಳಿದ ನಮ್ಮ ಹುಡುಗನಿಗೇ ಸೊನ್ನೆ!

ಅದರ ಜೊತೆಗೆ ನನ್ನದೂ ಒಂದು ಹಾಕಿ ಎಂದೆ: ಲೋಕಸಭೆಯಲ್ಲಿ ಮೊದಲು ಕನ್ನಡದಲ್ಲಿ ಮಾತಾಡಿದವರು ಯಾರು? ಹುಡುಗರು ತಲೆ ಕೆರೆದುಕೊಂಡರು. ಜೆ.ಎಚ್. ಪಟೇಲರು ಕಣ್ರಪ್ಪಾ! ನಮ್ಮ ಚನ್ನಗಿರಿ ತಾಲ್ಲೂಕು ಕಾರಿಗನೂರಿನವರು. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ದೆಹಲಿಗೆ ಹೋದ ಸಮಾಜವಾದಿ. ಇಂಗ್ಲಿಷ್ ಬಾರದ್ದಕ್ಕಲ್ಲ, ಕಾನೂನು ಓದಿದ್ದವರು. ಮುಂದೆ ದಾವಣಗೆರೆಯನ್ನು ಜಿಲ್ಲೆ ಮಾಡಿದ ಮುಖ್ಯಮಂತ್ರಿಯೂ ಅವರೇ. ಎರಡು ಪ್ರಶ್ನೆಗೆ ಒಂದೇ ಉತ್ತರ!

ಇನ್ನೂ ಬೇಕೆ? ಜಗಳೂರಿನ ರಂಗಯ್ಯನದುರ್ಗದ ಕಾಡಿನಲ್ಲಿ ನಾಲ್ಕು ಕೊಂಬಿನ ಪ್ರಾಣಿಯಿದೆ, ಕೊಂಡುಕುರಿ. ನ್ಯಾಮತಿ ಕಡೆಯ ಸೂರಗೊಂಡನಕೊಪ್ಪ ಬಂಜಾರರ ಸಂತ ಸೇವಾಲಾಲರ ಜನ್ಮಸ್ಥಳ. ಹೊನ್ನಾಳಿ ಯಾವ ಹೊಳೆಯ ದಂಡೆಯಲ್ಲಿದೆ? ಇದನ್ನು ನೀವೇ ಹೇಳಿ.

ಮುಂದಿನ ಪಂದ್ಯದ ಪತ್ರಿಕೆಯನ್ನು ಕನ್ನಡದಲ್ಲಿ ಬರೆದು ತನ್ನಿ. ಪ್ರೂಫ್ ನೋಡಿಕೊಡುತ್ತೇನೆ, ಅದಕ್ಕೆ ಕಾಸು ಬೇಡ.