ತಲೆಗೆ ಹದಿನೈದು ಪೈಸೆ

(ಬಬ್ಬೂರಿನ ಸಭೆಯಲ್ಲಿ ಮಾಡಿದ ಭಾಷಣ)



ನೀರಿನ ಮಾತು, ಅಡಕೆ ಧಾರಣೆಯ ಮಾತು ಬಿಟ್ಟು ಮೊಬೈಲಿನ ಅಂಗಡಿಯ ಮಾತೇಕೆಂದು ನಿಮಗೆ ಅನ್ನಿಸಬಹುದು. ಆದರೆ ಹಿರಿಯೂರು ಪೇಟೆಗೆ ಹೋಗದೆ ಸೀರೆ, ಚಪ್ಪಲಿ, ಪಂಪಿನ ಬಿಡಿಭಾಗಗಳನ್ನು ಮೊಬೈಲಿನಲ್ಲೇ ತರಿಸುವ ಮನೆಗಳು ಇಂದು ಹಳ್ಳಿಗಳಲ್ಲೂ ಇವೆ. ಸಾಮಾನು ಮನೆಗೆ ಬರುತ್ತದೆ. ಹಣದ ಜೊತೆಗೆ ಮನೆಯಿಂದ ಇನ್ನೇನು ಹೋಗುತ್ತದೆ ಎಂಬುದನ್ನು ನಾವು ವಿಚಾರಮಾಡಬೇಕಾಗಿದೆ.

ಊರಿನ ಅಂಗಡಿಯವರೂ ಲೆಕ್ಕದ ಪುಸ್ತಕ ಇಡುತ್ತಾರೆ. ಯಾರು ಎಷ್ಟು ಬೇಳೆ ಒಯ್ದರು, ಎಷ್ಟು ಬಾಕಿ, ಅಷ್ಟೇ ಅದರಲ್ಲಿರುವುದು. ಮೊಬೈಲಿನ ಅಂಗಡಿಯ ಪುಸ್ತಕ ಬೇರೆ ಬಗೆಯದು. ಕೊಂಡದ್ದು, ನೋಡಿ ಬಿಟ್ಟದ್ದು, ಎಷ್ಟು ಹೊತ್ತು ನೋಡಿದಿರಿ, ಎಲ್ಲಿಂದ ನೋಡಿದಿರಿ, ಎಲ್ಲವೂ ಅದರಲ್ಲಿ ದಾಖಲಾಗಬಹುದು. ಇವನ್ನೆಲ್ಲ ಕೂಡಿಸಿ, ಕಳೆದು, ನಾಳೆ ನೀವು ಏನು ಕೊಳ್ಳುವಿರೆಂದು ಊಹಿಸುವ ವಿದ್ಯೆಗೆ ಅನಲಿಟಿಕ್ಸ್ ಎಂದು ಹೆಸರು. ಅಮೆರಿಕದ ಟಾರ್ಗೆಟ್ ಎಂಬ ದೊಡ್ಡ ಅಂಗಡಿಯವರು ಸುಮಾರು 25 ಸಾಮಾನುಗಳ ಖರೀದಿಯನ್ನು ತಾಳೆನೋಡಿ ಯಾವ ಹೆಂಗಸು ಬಸುರಿಯಿರಬಹುದೆಂದು ಲೆಕ್ಕ ಹಾಕುತ್ತಿದ್ದ ಸಂಗತಿ 2012ರಲ್ಲಿ ಪತ್ರಿಕೆಯಲ್ಲಿ ಬಂತು. ತವರಿಗೆ ಸುದ್ದಿ ಮುಟ್ಟುವ ಮುಂಚೆ ಅಂಗಡಿಗೆ ಮುಟ್ಟಿದರೆ ಅದೆಂಥ ವ್ಯಾಪಾರ?

ಅಮೆರಿಕದ ಮಾತು ಹಾಗಿರಲಿ. ನಮ್ಮ ಬೆಂಗಳೂರಿನಲ್ಲಿ ಬಿಗ್‌ಬಾಸ್ಕೆಟ್ ಎಂಬ ದಿನಸಿ ಕಂಪನಿ ಇದೆ. ಅದರ ಸುಮಾರು 2 ಕೋಟಿ ಗಿರಾಕಿಗಳ ವಿವರ ಕಳ್ಳರ ಕೈಸೇರಿ ಮಾರಾಟಕ್ಕಿದೆಯೆಂದು 2020ರ ನವೆಂಬರಿನಲ್ಲಿ ಬಯಲಾಯಿತು. ಹೆಸರು, ಮನೆಯ ವಿಳಾಸ, ಫೋನ್ ನಂಬರು, ಹುಟ್ಟಿದ ದಿನಾಂಕ, ಸಂಕೇತರೂಪದ ಪಾಸ್‌ವರ್ಡು ಅದರಲ್ಲಿದ್ದವು. ಕಳ್ಳರು ಕೇಳಿದ ಬೆಲೆ ಸುಮಾರು 30 ಲಕ್ಷ ರೂಪಾಯಿ. ಶಾಲೆಯ ಮಕ್ಕಳೂ ಭಾಗಿಸಬಲ್ಲರು: ತಲೆಗೆ ಹದಿನೈದು ಪೈಸೆ! 2021ರ ಏಪ್ರಿಲಿನಲ್ಲಿ ಅದೇ ಕಡತವನ್ನು ಬಿಟ್ಟಿಯಾಗಿ ಹರಿಯಬಿಟ್ಟರು. ಕಂಪನಿಯವರು ಪೋಲೀಸಿಗೆ ದೂರು ಕೊಟ್ಟರು, ಕ್ರೆಡಿಟ್ ಕಾರ್ಡಿನ ನಂಬರು ತಮ್ಮಲ್ಲಿಲ್ಲವೆಂದರು. ಸರಿ. ಆದರೆ ಪಾಸ್‌ವರ್ಡನ್ನು ಬದಲಿಸಬಹುದು. ಹುಟ್ಟಿದ ದಿನವನ್ನು ಬದಲಿಸುವುದು ಹೇಗೆ? ಅಕ್ಕಿಬೇಳೆ ತಲುಪಿಸುವವರಿಗೆ ಅದು ಬೇಕಾದದ್ದಾದರೂ ಏಕೆ?

1907ರಲ್ಲಿ ಮುಗಿದ ನಮ್ಮ ಮಾರಿಕಣಿವೆಯ ಕಟ್ಟೆಯನ್ನು ನೋಡಿ. 1933ರ ನಂತರ, 89 ವರ್ಷಗಳ ಮೇಲೆ, 2022ರಲ್ಲಿ ಕೋಡಿ ಹರಿಯಿತು; ಕಟ್ಟೆ ನಿಂತಿತು. ನೀರು ನಿಲ್ಲಿಸುವವನು ಮೊದಲು ಕಟ್ಟೆಯನ್ನೂ ಕೋಡಿಯನ್ನೂ ಭದ್ರಮಾಡಬೇಕೆಂಬುದು ಕಟ್ಟಿದವರಿಗೆ ತಿಳಿದಿತ್ತು. ಈ ವ್ಯಾಪಾರಿಗಳು ಕೆರೆಯನ್ನು ತುಂಬಿಸಿಕೊಳ್ಳುತ್ತಾರೆ. ಏರಿ ಒಡೆದರೆ ಮುಳುಗುವವರು ಕೆಳಗಿನವರು.

ಕಾನೂನು ಇಲ್ಲವೆ? ಇದೆ. ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿ ಬಾಳು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು 2017ರ ಆಗಸ್ಟ್ 24ರಂದು ತೀರ್ಪಿತ್ತರು. 2023ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿತು. ವಿವರಗಳನ್ನು ಜೋಪಾನ ಮಾಡದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ. ಕೇಳಲು ಚೆನ್ನ. ಆದರೆ ಆ ದಂಡ ಸೇರುವುದು ಭಾರತದ ಸಂಚಿತ ನಿಧಿಗೆ. ನಷ್ಟವಾದವನಿಗೆ ಅದರಲ್ಲಿ ಕಾಸೂ ಇಲ್ಲ. ಹಳೆಯ ಐ.ಟಿ. ಕಾಯಿದೆಯಲ್ಲಿ ಪರಿಹಾರ ಕೊಡಿಸುತ್ತಿದ್ದ 43ಎ ಕಲಮನ್ನೂ ತೆಗೆದುಹಾಕಲು ಈ ಕಾಯಿದೆಯಲ್ಲೇ ಬರೆದಿದ್ದಾರೆ. ಸುಳ್ಳು ದೂರು ಕೊಟ್ಟ ಗಿರಾಕಿಗೆ ಮಾತ್ರ ಹತ್ತು ಸಾವಿರದವರೆಗೆ ದಂಡವುಂಟು! 2025ರ ನವೆಂಬರಿನಲ್ಲಿ ಹೊರಬಿದ್ದ ನಿಯಮಗಳು ಕಂಪನಿಗಳ ಮುಖ್ಯ ಹೊಣೆಗಳಿಗೆ ಹದಿನೆಂಟು ತಿಂಗಳ ವಾಯಿದೆ ಕೊಟ್ಟಿವೆ. ಎರಡು ಕೋಟಿಗೆ ಕಡಮೆಯಿಲ್ಲದ ಗಿರಾಕಿಗಳಿರುವ ಆನ್‌ಲೈನ್ ಅಂಗಡಿ, ಗಿರಾಕಿ ಮೂರು ವರ್ಷ ಅತ್ತ ಸುಳಿಯದಿದ್ದರೆ ಅವನ ವಿವರ ಅಳಿಸಬೇಕಂತೆ. ಸಾಮಾನು ತಲುಪಿ ಲೆಕ್ಕ ಚುಕ್ತವಾದ ಮೇಲೆ ಮೂರು ವರ್ಷವೇಕೆ?

ಆನ್‌ಲೈನ್ ಅಂಗಡಿ ಮುಚ್ಚಿಸಿರೆಂದು ನಾವು ಹೇಳುತ್ತಿಲ್ಲ. ನಾವು ಕೇಳುವುದು ಮೂರು. ವ್ಯಾಪಾರಕ್ಕೆ ಬೇಕಾದಷ್ಟನ್ನೇ ಬರೆದುಕೊಳ್ಳಲಿ. ಕೆಲಸ ಮುಗಿದ ಮೇಲೆ ಅಳಿಸಲಿ. ಸೋರಿದರೆ ನಮಗೆ ನಮ್ಮ ಭಾಷೆಯಲ್ಲಿ ತಿಳಿಸಿ, ನಷ್ಟವನ್ನು ನಮಗೇ ತುಂಬಿಕೊಡಲಿ.

ಅಲ್ಲಿಯವರೆಗೆ ನಮ್ಮ ಎಚ್ಚರ ನಮ್ಮಲ್ಲಿರಲಿ. ಅಂಗಡಿಗೊಂದು, ಬ್ಯಾಂಕಿಗೊಂದು ಬೇರೆಬೇರೆ ಪಾಸ್‌ವರ್ಡು ಇಡಿ. ನಿಮ್ಮ ಹೆಸರು, ವಿಳಾಸ, ತರಿಸಿದ ಸಾಮಾನು ಎಲ್ಲವನ್ನೂ ಸರಿಯಾಗಿ ಹೇಳಿದನೆಂದು ಫೋನಿನಲ್ಲಿ ಮಾತಾಡುವವನನ್ನು ನಂಬಿ ಓಟಿಪಿ ಹೇಳಬೇಡಿ. ಆ ವಿವರ ಸಂತೆಯಲ್ಲಿ ಬಿಕರಿಯಾಗಿದ್ದೀತು. ಹಣ ಹೋದರೆ ನಾಚಿಕೊಂಡು ಕೂರದೆ ಕೂಡಲೇ 1930ಕ್ಕೆ ಫೋನ್ ಮಾಡಿ. ಓದುಬಲ್ಲವರು ಓದುಬಾರದವರ ಮನೆಗೆ ಹೋಗಿ ಇಷ್ಟನ್ನು ಹೇಳಿಬನ್ನಿ.

ನಮ್ಮ ಬೆಲೆಯನ್ನು ಕಳ್ಳರು ಹದಿನೈದು ಪೈಸೆಯೆಂದು ಕಟ್ಟಿದರು. ಕಾಯಿದೆ ಅಷ್ಟನ್ನೂ ನಮ್ಮ ಕೈಗೆ ಕೊಡಿಸುತ್ತಿಲ್ಲ. ಇದನ್ನು ನಿಮ್ಮ ಶಾಸಕರನ್ನು, ಪಾರ್ಲಿಮೆಂಟ್ ಸದಸ್ಯರನ್ನು ಕೇಳಿ. ಓಟು ಕೇಳಲು ಬಂದಾಗಲೂ ಕೇಳಿ.